ಶುಂಠಿ, ಅರ್ಬುದ ರೋಗ ಮತ್ತು ನಮ್ಮ ಪೊಟ್ಟಣದ ಮೇಲಿನ ಬರಹ



ನಮ್ಮ ಸಂಘ ಮಾರುವ ಒಣಶುಂಠಿ ಪುಡಿಯ ಪೊಟ್ಟಣದ ಮೇಲೆ ‘ಅರ್ಬುದ ರೋಗ ನಿವಾರಕ’ ಎಂದು ಅಚ್ಚು ಹಾಕಿಸಬೇಕೆಂಬ ಸೂಚನೆಯೊಂದು ಕೆಲವು ಸದಸ್ಯರಿಂದ ಲಿಖಿತವಾಗಿ ಬಂದಿದೆ. ಸೂಚನೆಯನ್ನು ಮಹಾಸಭೆಯ ವಿಷಯಪಟ್ಟಿಗೆ ಸೇರಿಸುವುದು ಕಾರ್ಯದರ್ಶಿಯ ಕರ್ತವ್ಯ, ಸೇರಿಸಿದ್ದೇನೆ. ಆದರೆ ನಾನೂ ಶುಂಠಿ ಬೆಳೆಯುವವನೇ ಆದ್ದರಿಂದ ಇದರ ಬಗ್ಗೆ ನನಗೊಂದು ಅಭಿಪ್ರಾಯವಿದೆ. ಸಭೆಯ ದಿನ ಜಮಾ ಖರ್ಚು, ಗೊಬ್ಬರದ ಬಾಕಿ, ಊಟ ಇವುಗಳ ನಡುವೆ ಇಂಥ ವಿಷಯಕ್ಕೆ ಹತ್ತು ನಿಮಿಷವೂ ಸಿಕ್ಕುವುದಿಲ್ಲ. ಅದಕ್ಕಾಗಿ ಮುಂಚಿತವಾಗಿ ಇಲ್ಲಿ ಬರೆಯುತ್ತಿದ್ದೇನೆ. ಸೂಚನೆಯನ್ನು ನಾನು ವಿರೋಧಿಸುತ್ತೇನೆ. ಸೂಚನೆ ತಂದವರ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ. ಶುಂಠಿಯ ಬೆಲೆ ಕೈಕೊಟ್ಟಿರುವ ಕಾಲದಲ್ಲಿ ಅವರು ಹೀಗೆ ಯೋಚಿಸಿದ್ದು ಸಹಜವೇ.

ಮೊದಲು ಅವರ ಪಕ್ಷದ ಮಾತನ್ನೇ ಹೇಳುತ್ತೇನೆ. ಶುಂಠಿಯ ಸಾರ ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುತ್ತದೆ ಎಂಬುದು ಸುಳ್ಳಲ್ಲ. 2006ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ಶುಂಠಿ ಪುಡಿಯ ದ್ರಾವಣವನ್ನು ಅಂಡಾಶಯದ ಕ್ಯಾನ್ಸರ್ ಜೀವಕೋಶಗಳ ಮೇಲೆ ಹಾಕಿ ನೋಡಿದರು. ಜೀವಕೋಶಗಳು ಸತ್ತವು. ಅದೂ ಎರಡು ರೀತಿಯಲ್ಲಿ: ಕೆಲವು ತಮ್ಮೊಳಗಿನ ಸಾವಿನ ಕ್ರಮವನ್ನು ತಾವೇ ಚಾಲೂ ಮಾಡಿಕೊಂಡು, ಇನ್ನು ಕೆಲವು ತಮ್ಮನ್ನು ತಾವೇ ಜೀರ್ಣಿಸಿಕೊಂಡು. 2012ರಲ್ಲಿ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಮನುಷ್ಯನ ಪ್ರಾಸ್ಟೇಟ್ ಗ್ರಂಥಿಯ ಗಡ್ಡೆಯ ಜೀವಕೋಶಗಳನ್ನು ಇಲಿಗಳಲ್ಲಿ ಬೆಳೆಸಿ, ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ 100 ಮಿಲಿಗ್ರಾಂನಂತೆ ಶುಂಠಿಯ ಸಾರ ಕುಡಿಸಿದರು. ಗಡ್ಡೆಯ ಬೆಳವಣಿಗೆ ಸುಮಾರು ಶೇಕಡ 56ರಷ್ಟು ಕಡಿಮೆಯಾಯಿತು. ಶುಂಠಿಯ ಖಾರಕ್ಕೆ ಕಾರಣವಾದ ಜಿಂಜೆರಾಲ್, ಅದು ಒಣಗಿದಾಗ ಮತ್ತು ಬಿಸಿಯಾದಾಗ ಆಗುವ ಶೋಗಾಲ್ ಇವೆರಡರ ಮೇಲೆ ಇಂಥ ವರದಿಗಳು ಇನ್ನೂ ಬಹಳ ಇವೆ. (ಶೋಗಾ ಎಂದರೆ ಜಪಾನಿ ಭಾಷೆಯಲ್ಲಿ ಶುಂಠಿ. ಹಸಿ ಶುಂಠಿಗಿಂತ ಒಣಶುಂಠಿ ಹೆಚ್ಚು ಖಾರವೆಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದಕ್ಕೆ ಈ ಶೋಗಾಲ್ ಕಾರಣ.)

ಇಷ್ಟು ಓದಿದವರಿಗೆ, ಇನ್ನೇನು ಬೇಕು, ಅಚ್ಚು ಹಾಕಿಸಿಬಿಡೋಣ ಎನಿಸಬಹುದು. ಆದರೆ ಗಾಜಿನ ತಟ್ಟೆಯಲ್ಲಿ ನಡೆಯುವುದೇನೆಂದು ಸ್ವಲ್ಪ ನೋಡಬೇಕು.

ಪ್ರಯೋಗಶಾಲೆಯಲ್ಲಿ ಬಳಸುವ ಕ್ಯಾನ್ಸರ್ ಜೀವಕೋಶಗಳು ಬಹುಕಾಲದ ಹಿಂದೆ ಯಾರೋ ರೋಗಿಯಿಂದ ತೆಗೆದವು. ಅಂದಿನಿಂದ ಸೀಸೆಗಳಲ್ಲಿ ವಂಶಾಭಿವೃದ್ಧಿ ಮಾಡಿಕೊಂಡು ಬಂದವು. ಅತ್ಯಂತ ಪ್ರಸಿದ್ಧವಾದ ಹೀಲಾ ಎಂಬ ತಳಿ 1951ರಲ್ಲಿ ಅಮೆರಿಕದ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಮಹಿಳೆಯ ಗಡ್ಡೆಯಿಂದ ಬಂದದ್ದು. ಇಂಥ ಜೀವಕೋಶಗಳನ್ನು 96 ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ ಬೆಳೆಸಿ, ಒಂದೊಂದು ಗುಳಿಗೂ ಸಾರವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕುತ್ತಾರೆ. ಒಂದೆರಡು ದಿನ ಬಿಟ್ಟು ಹಳದಿ ಬಣ್ಣದ ಪದಾರ್ಥವೊಂದನ್ನು ಸುರಿದರೆ ಬದುಕಿರುವ ಜೀವಕೋಶಗಳು ಅದನ್ನು ನೇರಳೆಗೆ ತಿರುಗಿಸುತ್ತವೆ. ನೇರಳೆ ಕಡಿಮೆಯಾದರೆ ಸಾವು ಹೆಚ್ಚು ಎಂದು ಲೆಕ್ಕ. ಒಳ್ಳೆಯ ವಿಧಾನವೇ. ಆದರೆ ಆ ಗುಳಿಯಲ್ಲಿ ಹೊಟ್ಟೆಯಿಲ್ಲ, ಯಕೃತ್ತಿಲ್ಲ, ರಕ್ತವಿಲ್ಲ, ಮೂತ್ರಪಿಂಡವಿಲ್ಲ. ಸಾರ ನೇರವಾಗಿ ಜೀವಕೋಶದ ಮೈಮೇಲೆಯೇ ಬೀಳುತ್ತದೆ. ಅಲ್ಲಿ ಉಪ್ಪು ಹೆಚ್ಚಾದರೂ ಜೀವಕೋಶ ಸಾಯುತ್ತದೆ, ಸಾಬೂನು ಹಾಕಿದರೂ ಸಾಯುತ್ತದೆ.

ಇದು ನಮಗೆ ಹೊಸ ವಿಷಯವೇನೂ ಅಲ್ಲ. ಅಡಿಕೆಯ ಕೊಳೆ ರೋಗದ ಶಿಲೀಂಧ್ರವನ್ನು ಗಾಜಿನ ತಟ್ಟೆಯಲ್ಲಿ ಕೊಲ್ಲುವ ವಸ್ತುಗಳು ಎಷ್ಟೋ ಇವೆ. ಟ್ರೈಕೋಡರ್ಮಾ ಅದನ್ನು ತಟ್ಟೆಯಲ್ಲಿ ಸುತ್ತುವರಿದು ತಿಂದುಹಾಕುವ ಚಿತ್ರಗಳನ್ನು ಕೃಷಿ ಮೇಳಗಳಲ್ಲಿ ನಾವೆಲ್ಲ ನೋಡಿದ್ದೇವೆ. ಆದರೆ ಆಷಾಢದಲ್ಲಿ ಬಿಡದೆ ಸುರಿಯುವ ಮಳೆಗೆ, ಅರುವತ್ತು ಅಡಿ ಎತ್ತರದ ಕೊನೆಯ ಮೇಲೆ ಅದೇ ಕೆಲಸ ಆಗುತ್ತದೆಯೇ? ಆಗುವುದಿದ್ದರೆ ನಾವು ಇವತ್ತಿಗೂ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್ ಎಂದು ಬೋರ್ಡೋ ಕಲಸಿಕೊಂಡು, ಮಳೆ ಬಿಡುವು ಕೊಟ್ಟಾಗ ಕೊನೆಗಾರರನ್ನು ಹುಡುಕಿಕೊಂಡು ಓಡಾಡುತ್ತಿರಲಿಲ್ಲ. ಮದ್ದು ಒಳ್ಳೆಯದೇ ಇರಬಹುದು. ಅದು ಕೊನೆಯನ್ನು ಮುಟ್ಟಬೇಕು, ಬೇಕಾದಷ್ಟು ಮುಟ್ಟಬೇಕು, ಮುಟ್ಟಿದ ಮೇಲೆ ಅಲ್ಲಿ ನಿಲ್ಲಬೇಕು. ಶುಂಠಿಗೂ ಇದೇ ಪ್ರಶ್ನೆ.

ಮುಟ್ಟುತ್ತದೆಯೋ ಇಲ್ಲವೋ ಎಂದು ನೋಡಿದವರೂ ಇದ್ದಾರೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತರಿಗೆ 100 ಮಿಲಿಗ್ರಾಂನಿಂದ 2 ಗ್ರಾಂವರೆಗೆ ಶುಂಠಿಯ ಸಾರ ಕೊಟ್ಟು ರಕ್ತ ಪರೀಕ್ಷಿಸಿದರು. ಜಿಂಜೆರಾಲ್ ಆಗಲಿ ಶೋಗಾಲ್ ಆಗಲಿ ಸ್ವತಂತ್ರ ರೂಪದಲ್ಲಿ ಯಾರ ರಕ್ತದಲ್ಲಿಯೂ ಕಾಣಲಿಲ್ಲ. ಕರುಳು ಮತ್ತು ಯಕೃತ್ತು ಅವನ್ನು ಗ್ಲುಕುರೊನೈಡ್, ಸಲ್ಫೇಟ್‌ಗಳ ಜೊತೆ ಬೆಸೆದು, ಹೊರಗೆ ಸಾಗಿಸಲು ತಯಾರು ಮಾಡಿಬಿಟ್ಟಿದ್ದವು. ಮುಂದೆ ಇನ್ನೂ ಸೂಕ್ಷ್ಮವಾದ ಅಳತೆಗಳಲ್ಲಿ ಅಲ್ಪಸ್ವಲ್ಪ ಸ್ವತಂತ್ರ ರೂಪ ಸಿಕ್ಕಿದ್ದುಂಟು. ಆದರೆ ತಟ್ಟೆಯಲ್ಲಿ ಜೀವಕೋಶಗಳು ಮುಳುಗಿದ್ದ ಪ್ರಮಾಣಕ್ಕೂ ರಕ್ತದಲ್ಲಿ ಸಿಕ್ಕ ಪ್ರಮಾಣಕ್ಕೂ ಹೋಲಿಕೆಯಿಲ್ಲ. ಶುಂಠಿ ಕೊಟ್ಟು ಮನುಷ್ಯರ ಗಡ್ಡೆ ಕರಗಿಸಿದ ಪ್ರಯೋಗ ಇಂದಿನವರೆಗೆ ಒಂದೂ ಇಲ್ಲ.

ಅರಿಶಿನದ ಕಥೆ ಇದಕ್ಕಿಂತ ದೊಡ್ಡದು, ಇದಕ್ಕಿಂತ ಬೇಸರದ್ದು. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ 1995ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿದಾಗ ನಮ್ಮ ಸಿ.ಎಸ್.ಐ.ಆರ್. ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಅದು ಅಭಿಮಾನ ಪಡಬೇಕಾದ ಸಂಗತಿ. ಆದರೆ ಅರಿಶಿನದ ಕುರ್ಕ್ಯುಮಿನ್ ಕ್ಯಾನ್ಸರಿಗೆ ಮದ್ದು ಎಂಬ ಪ್ರಚಾರಕ್ಕೆ ಮೂಲವಾಗಿದ್ದ ಹೂಸ್ಟನ್ನಿನ ಪ್ರಸಿದ್ಧ ವಿಜ್ಞಾನಿಯೊಬ್ಬರ ಅನೇಕ ಪ್ರಬಂಧಗಳನ್ನು ವಿಜ್ಞಾನ ಪತ್ರಿಕೆಗಳೇ ಹಿಂತೆಗೆದುಕೊಂಡವು. 2017ರಲ್ಲಿ ರಸಾಯನ ತಜ್ಞರ ತಂಡವೊಂದು ಎಲ್ಲವನ್ನೂ ಜಾಲಾಡಿ, ಕುರ್ಕ್ಯುಮಿನ್ ಪ್ರಯೋಗಶಾಲೆಯ ಅನೇಕ ಪರೀಕ್ಷೆಗಳಲ್ಲಿ ಸುಳ್ಳು ಭರವಸೆ ತೋರಿಸುವ ಪದಾರ್ಥವೆಂದೂ, ಕಟ್ಟುನಿಟ್ಟಾದ ಮಾನವ ಪ್ರಯೋಗಗಳಲ್ಲಿ ಅದು ಗೆದ್ದ ಉದಾಹರಣೆಯಿಲ್ಲವೆಂದೂ ಬರೆಯಿತು.

ಮೆಣಸು ಬೆಳೆಯುವ ನಮಗೆ ಸಂಬಂಧಿಸಿದ ಒಂದು ಮಾತು ಇಲ್ಲೇ ಬರುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕುರ್ಕ್ಯುಮಿನ್ ಜೊತೆಗೆ ಕರಿಮೆಣಸಿನ ಪೈಪರಿನ್ ಕೇವಲ 20 ಮಿಲಿಗ್ರಾಂ ಸೇರಿಸಿ ಕೊಟ್ಟಾಗ, ಕುರ್ಕ್ಯುಮಿನ್ ರಕ್ತಕ್ಕೆ ಸೇರುವ ಪ್ರಮಾಣ ಶೇಕಡ 2000ರಷ್ಟು ಹೆಚ್ಚಿತು. ಇದನ್ನು ಉಲ್ಲೇಖಿಸದ ಮೆಣಸಿನ ಕರಪತ್ರವೇ ಇಲ್ಲ. ಆದರೆ ಪೈಪರಿನ್ ಈ ಕೆಲಸ ಮಾಡುವುದು ಔಷಧಗಳನ್ನು ಒಡೆದು ಹೊರಹಾಕುವ ಯಕೃತ್ತಿನ ಶಕ್ತಿಯನ್ನು ಕುಂದಿಸಿ. ಹಾಗೆ ಕುಂದಿಸಿದಾಗ ರೋಗಿ ತೆಗೆದುಕೊಳ್ಳುತ್ತಿರುವ ಬೇರೆ ಮಾತ್ರೆಗಳೂ ರಕ್ತದಲ್ಲಿ ಹೆಚ್ಚಾಗಿ ಉಳಿದುಬಿಡಬಹುದು. ಸಾರಿಗೆ ಹಾಕುವ ನಾಲ್ಕು ಮೆಣಸಿನ ಮಾತಲ್ಲ ಇದು. ಗುಳಿಗೆಯ ರೂಪದಲ್ಲಿ ದಿನವೂ ನುಂಗುವವರ ಮಾತು. ಕರಪತ್ರದಲ್ಲಿ ಈ ಭಾಗ ಇರುವುದಿಲ್ಲ.

ಹಾಗಾದರೆ ಗಿಡಮೂಲಿಕೆಯೆಲ್ಲ ಕಟ್ಟುಕಥೆಯೇ ಎಂದು ಕೇಳಬಹುದು. ಖಂಡಿತ ಅಲ್ಲ. ನಮ್ಮ ಅಂಗಳದ ನಿತ್ಯಪುಷ್ಪವನ್ನೇ ನೋಡಿ. ದನವೂ ಮೂಸದ ಗಿಡ. ಜಮೈಕಾದಲ್ಲಿ ಅದರ ಎಲೆಯ ಕಷಾಯವನ್ನು ಸಿಹಿಮೂತ್ರಕ್ಕೆ ಕುಡಿಯುತ್ತಾರೆಂದು ಕೇಳಿ ಕೆನಡಾದ ನೋಬಲ್ ಮತ್ತು ಬಿಯರ್ ಎಂಬಿಬ್ಬರು ವಿಜ್ಞಾನಿಗಳು ಇಲಿಗಳಿಗೆ ಕೊಟ್ಟು ನೋಡಿದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ಹಾಗಿದ್ದರೆ ಬಿಳಿ ಕಣ ಮಿತಿಮೀರುವ ರಕ್ತದ ಕ್ಯಾನ್ಸರಿಗೆ ಇದು ಯಾಕಾಗಬಾರದು ಎಂದು ಅವರಿಗೆ ಹೊಳೆಯಿತು. 1958ರಲ್ಲಿ ವಿನ್‌ಬ್ಲಾಸ್ಟಿನ್ ಬಂತು, 1963ರಲ್ಲಿ ವಿನ್‌ಕ್ರಿಸ್ಟಿನ್ ಅಮೆರಿಕದಲ್ಲಿ ಮಂಜೂರಾಯಿತು. ಮಕ್ಕಳ ರಕ್ತ ಕ್ಯಾನ್ಸರಿಗೆ ಇಂದಿಗೂ ಅದು ಮುಖ್ಯ ಔಷಧಗಳಲ್ಲೊಂದು. ಒಂದು ಗ್ರಾಂ ವಿನ್‌ಕ್ರಿಸ್ಟಿನ್ ತೆಗೆಯಲು ಸುಮಾರು 500 ಕಿಲೋ ಒಣ ಎಲೆ ಬೇಕು. ಹಿತ್ತಿಲ ಗಿಡದ ಎಲೆ ಜಗಿದರೆ ಮದ್ದಾಗುವುದಿಲ್ಲ, ವಿಷವಾಗುತ್ತದೆ.

ನಮಗೆ ಇನ್ನೂ ಹತ್ತಿರದ ಉದಾಹರಣೆಯಿದೆ. ಪಶ್ಚಿಮ ಘಟ್ಟದ ಕಾಡಿನಲ್ಲಿ, ಹಳೆಯ ಪುಸ್ತಕಗಳಲ್ಲಿ ಮ್ಯಾಪಿಯಾ ಫೀಟಿಡಾ ಎಂದೂ ಈಗ ನೊಥಾಪೊಡೈಟಿಸ್ ಎಂದೂ ಕರೆಯುವ ಒಂದು ಸಣ್ಣ ಮರವಿದೆ. ನಾತದಿಂದಲೇ ಹೆಸರು ಪಡೆದ ಮರ. ದುರ್ವಾಸನೆ ಮರವೆನ್ನುವವರೂ ಇದ್ದಾರೆ. ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು 1966ರಲ್ಲಿ ಅಮೆರಿಕದ ವಾಲ್ ಮತ್ತು ವಾನಿ ಚೀನಾದ ಮರವೊಂದರಿಂದ ಕಂಡುಹಿಡಿದಿದ್ದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತುವನ್ನು ನಮ್ಮ ಘಟ್ಟದ ಈ ಮರದಲ್ಲಿ ಕಂಡರು. ತಟ್ಟೆಯಲ್ಲಿ ಕ್ಯಾಂಪ್ಟೊಥೆಸಿನ್ ಅದ್ಭುತ, ಇಲಿಯಲ್ಲೂ ಅದ್ಭುತ. 1970ರ ದಶಕದ ಆರಂಭದಲ್ಲಿ ರೋಗಿಗಳಿಗೆ ಕೊಟ್ಟಾಗ ಮೂತ್ರದಲ್ಲಿ ರಕ್ತ, ಅಸ್ಥಿಮಜ್ಜೆಗೆ ಪೆಟ್ಟು. ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಆಮೇಲೆ ರಸಾಯನ ತಜ್ಞರು ಅದರ ರಚನೆಯನ್ನು ತಿದ್ದಿ, ಟೊಪೊಟಿಕಾನ್ ಮತ್ತು ಇರಿನೊಟಿಕಾನ್ ಎಂಬ ಎರಡು ಔಷಧ ಮಾಡುವ ಹೊತ್ತಿಗೆ 1996 ಬಂದಿತ್ತು. ಮೂವತ್ತು ವರ್ಷ! ಆ ನಡುವೆ ನಮ್ಮ ಘಟ್ಟದಲ್ಲಿ ಆದದ್ದು ಇಷ್ಟೇ: ಮರಗಳನ್ನು ಬುಡಸಮೇತ ಕಡಿದು, ಚೀಲ ತುಂಬಿ ಲಾರಿಗೆ ಹಾಕಿದರು. ಈಗ ಅದನ್ನು ಉಳಿಸುವುದು ಹೇಗೆಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಧ್ಯಯನ ಮಾಡಬೇಕಾಗಿ ಬಂತು. ಕಾಡಂಚಿನವನಿಗೆ ಸಿಕ್ಕಿದ್ದು ದಿನಗೂಲಿ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು 1960ರಿಂದ 1982ರವರೆಗೆ ಸುಮಾರು 35,000 ಸಸ್ಯ ಮಾದರಿಗಳಿಂದ 1,14,000 ಸಾರಗಳನ್ನು ತೆಗೆದು ಪರೀಕ್ಷಿಸಿದರು. ಅದರಿಂದ ಔಷಧದ ಮಟ್ಟಕ್ಕೆ ಮುಟ್ಟಿದವು ಬೆರಳೆಣಿಕೆಯವು. ಅವುಗಳಲ್ಲಿ ದೊಡ್ಡದು ಟ್ಯಾಕ್ಸಾಲ್. 1962ರಲ್ಲಿ ಯೂ ಮರದ ತೊಗಟೆ ಸಂಗ್ರಹಿಸಿದ್ದು, 1992ರಲ್ಲಿ ಮಂಜೂರಾದದ್ದು. ಆಮೇಲೆ ತೊಗಟೆಯೂ ಬೇಡವಾಯಿತು. ಇನ್ನೊಂದು ಜಾತಿಯ ಯೂ ಮರದ ಎಲೆಯ ವಸ್ತುವಿನಿಂದ, ಅನಂತರ ತೊಟ್ಟಿಯಲ್ಲಿ ಬೆಳೆಸಿದ ಸಸ್ಯ ಜೀವಕೋಶಗಳಿಂದ ಅದನ್ನು ತಯಾರಿಸತೊಡಗಿದರು. ಆದ್ದರಿಂದ ನಾಳೆ ಶುಂಠಿಯಿಂದ ನಿಜವಾಗಿಯೇ ಒಂದು ಔಷಧ ಬಂದರೂ ನಮ್ಮ ಅರುವತ್ತು ಕಿಲೋ ಚೀಲಕ್ಕೆ ಅದರಿಂದ ಬೆಲೆ ಬರುತ್ತದೆಂದು ನಂಬಬೇಡಿ. 2023ರ ಮಳೆಗಾಲದಲ್ಲಿ ಶುಂಠಿಯ ಬೆಲೆ ಹಾರಿ, ಗದ್ದೆಗೆ ರಾತ್ರಿ ಕಾವಲು ಹಾಕುವ ಪರಿಸ್ಥಿತಿ ಬಂದದ್ದು ಯಾವ ಪ್ರಯೋಗಶಾಲೆಯ ವರದಿಯಿಂದಲೂ ಅಲ್ಲ. ಪೇಟೆಗೆ ಮಾಲು ಕಡಿಮೆಯಾದದ್ದರಿಂದ. ಎಲ್ಲರೂ ಹಾಕಿದ ಮೇಲೆ ಇಳಿದದ್ದೂ ಹಾಗೆಯೇ.

ಕ್ಯಾನ್ಸರ್ ರೋಗಿಗೆ ಶುಂಠಿಯಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕಿಮೊಥೆರಪಿಯ ವಾಕರಿಕೆಗೆ ಅದರ ಉಪಯೋಗವನ್ನು ಮನುಷ್ಯರಲ್ಲೇ ನೋಡಿದ್ದಾರೆ. ಅಮೆರಿಕದಲ್ಲಿ 576 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವೈದ್ಯರು ಕೊಡುವ ವಾಂತಿ ತಡೆಯುವ ಔಷಧದ ಜೊತೆಗೆ ದಿನಕ್ಕೆ ಅರ್ಧ ಗ್ರಾಂ ಅಥವಾ ಒಂದು ಗ್ರಾಂ ಶುಂಠಿ ತೆಗೆದುಕೊಂಡವರಿಗೆ ಮೊದಲ ದಿನದ ವಾಕರಿಕೆ ಕಡಿಮೆಯಾಯಿತು. ಒಂದೂವರೆ ಗ್ರಾಂ ಕೊಟ್ಟವರಿಗೆ ಅಷ್ಟು ಗುಣ ಕಾಣಲಿಲ್ಲ ಎಂಬುದನ್ನು, ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎನ್ನುವ ನಮ್ಮಂಥ ಗೊಬ್ಬರದವರು ಗಮನಿಸಬೇಕು. ಇಟಲಿಯಲ್ಲಿ ನಡೆದು 2017ರಲ್ಲಿ ಬಂದ ಇನ್ನೊಂದು ಪರೀಕ್ಷೆಯಲ್ಲಿ ಸಿಸ್‌ಪ್ಲಾಟಿನ್ ಪಡೆಯುವ ರೋಗಿಗಳಿಗೆ ಲಾಭ ಕಾಣಲಿಲ್ಲ. ಇದು ಚಿಕ್ಕ ಉಪಕಾರ, ಎಲ್ಲರಿಗೂ ಆಗದ ಉಪಕಾರ. ಆದರೆ ಮನುಷ್ಯನಿಗೆ ಆದದ್ದು.

ಈಗ ನಮ್ಮೊಳಗಿನ ಮಾತು. ಬರೆಯಲು ಕಷ್ಟವಾದ ಭಾಗ ಇದೇ.

ಫ್ರಾನ್ಸಿನ ಲಿಯಾನ್ ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಿದೆ. 1991ರಲ್ಲಿ ಅದು ಕಾಫಿಯಿಂದ ಮೂತ್ರಕೋಶದ ಕ್ಯಾನ್ಸರ್ ಬರಬಹುದೆಂಬ ಅನುಮಾನದ ಪಟ್ಟಿಗೆ ಕಾಫಿಯನ್ನು ಸೇರಿಸಿತ್ತು. 2016ರಲ್ಲಿ ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ನೋಡಿ ಆ ಪಟ್ಟಿಯಿಂದ ತೆಗೆಯಿತು; ಯಕೃತ್ತಿನ ಕ್ಯಾನ್ಸರ್ ಕಾಫಿ ಕುಡಿಯುವವರಲ್ಲಿ ಕಡಿಮೆ ಕಾಣುತ್ತದೆಂದೂ ಹೇಳಿತು. ಕಾಫಿ ಬೆಳೆಗಾರರು ಅದನ್ನು ಸಂತೋಷದಿಂದ ಸ್ವಾಗತಿಸಿದೆವು. ಅದೇ ಸಂಸ್ಥೆ 2003ರಲ್ಲಿ ಸಭೆ ಸೇರಿ, ತಂಬಾಕು ಬೆರೆಸದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ತೀರ್ಮಾನಿಸಿ ಮೊದಲನೆಯ ವರ್ಗಕ್ಕೆ ಹಾಕಿತು. 2020ರಲ್ಲಿ ಅಡಿಕೆಯ ಅರೆಕೊಲಿನ್ ಎಂಬ ಕ್ಷಾರವನ್ನು ‘ಸಾಧ್ಯತೆಯಿದೆ’ ಎಂಬ ವರ್ಗಕ್ಕೆ ಹಾಕಿತು. ಇದನ್ನು ಮಾತ್ರ ನಾವು ವಿದೇಶೀಯರ ಪಿತೂರಿ ಎಂದೆವು. ಈ ವರ್ಗಗಳು ಸಾಕ್ಷ್ಯದ ಬಲವನ್ನು ಹೇಳುತ್ತವೆಯೇ ಹೊರತು ಅಪಾಯದ ಗಾತ್ರವನ್ನಲ್ಲ. ಊಟದ ಮೇಲೆ ಒಂದು ಹೋಳು ಹಾಕುವವನೂ ಇಡೀ ದಿನ ಗುಟ್ಕಾ ದವಡೆಯಲ್ಲಿಟ್ಟವನೂ ಒಂದೇ ಅಲ್ಲ. ಇದನ್ನು ನಾವು ಸರ್ಕಾರದ ಮುಂದೆ, ನ್ಯಾಯಾಲಯದ ಮುಂದೆ ಧಾರಾಳವಾಗಿ ವಾದಿಸಬಹುದು, ವಾದಿಸಬೇಕು. ಆದರೆ ಒಂದೇ ತಕ್ಕಡಿಯಲ್ಲಿ ಕಾಫಿಗೊಂದು ತೂಕ, ಅಡಿಕೆಗೊಂದು ತೂಕ ಇಟ್ಟರೆ ನಮ್ಮ ವಾದವನ್ನು ಯಾರು ಕೇಳುತ್ತಾರೆ?

ಇದಕ್ಕೂ ತಟ್ಟೆಯ ಪ್ರಯೋಗಕ್ಕೂ ಸಂಬಂಧವಿದೆ. 2016ರಲ್ಲಿ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದವರು ಅರೆಕೊಲಿನ್ ಹೈಡ್ರೊಬ್ರೊಮೈಡ್ ಎಂಬುದು ಕ್ಯಾನ್ಸರ್ ಜೀವಕೋಶಗಳಿಗೆ ಬೇಕಾದ ಒಂದು ಕಿಣ್ವವನ್ನು ತಡೆದು ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆಯನ್ನು ಕುಗ್ಗಿಸುತ್ತದೆಂದು ಪ್ರಕಟಿಸಿದರು. ಅಡಿಕೆಯಿಂದಲೇ ಕ್ಯಾನ್ಸರಿಗೆ ಮದ್ದು ಎಂಬ ಸುದ್ದಿ ನಮ್ಮ ಕಡೆ ಎಷ್ಟು ಕೈ ಬದಲಾಯಿಸಿತೆಂದು ತಮಗೆಲ್ಲ ಗೊತ್ತು. ಆ ವಿಜ್ಞಾನಿಗಳು ತೋರಿಸಿದ್ದು ಕಿಣ್ವದ ಮಹತ್ವವನ್ನು; ಅಡಿಕೆ ಜಗಿಯಿರಿ ಎಂದು ಅವರು ಹೇಳಲಿಲ್ಲ. ಒಂದೇ ಅರೆಕೊಲಿನ್ ತಟ್ಟೆಯಲ್ಲಿ ಒಂದು ಜಾತಿಯ ಜೀವಕೋಶವನ್ನು ಕೊಲ್ಲಬಹುದು, ದವಡೆಯೊಳಗೆ ವರ್ಷಗಟ್ಟಲೆ ಇದ್ದು ಲೋಳ್ಪೊರೆಯನ್ನು ನಾರಾಗಿಸಿ ಬಾಯಿ ತೆರೆಯದಂತೆ ಮಾಡಬಹುದು. ಎರಡೂ ನಿಜವಾಗಿರಬಹುದು. ಇಲಿಯ ಪ್ರಯೋಗ ಸಾಕೆಂದು ನಾವೇ ಶುಂಠಿಯ ಪೊಟ್ಟಣದ ಮೇಲೆ ಅಚ್ಚು ಹಾಕಿಸಿದ ಮರುದಿನ, ಅಡಿಕೆಯ ವಿರುದ್ಧ ಇಲಿಯ ಪ್ರಯೋಗ ತೋರಿಸುವವನಿಗೆ ನಾವು ಯಾವ ಬಾಯಲ್ಲಿ ಉತ್ತರ ಹೇಳುವುದು? ಅಡಿಕೆಯ ಮೊಕದ್ದಮೆ ಮುಗಿದಿಲ್ಲ. ಆ ಮೊಕದ್ದಮೆಗೆ ನಮಗೆ ಇರುವ ಆಸ್ತಿ ನಂಬಿಕೆಯೊಂದೇ. ಶುಂಠಿ ಪುಡಿಯ ನಾಲ್ಕು ಕಾಸಿನ ಲಾಭಕ್ಕೆ ಅದನ್ನು ಅಡವಿಡುವುದು ನನಗೆ ಒಪ್ಪಿಗೆಯಿಲ್ಲ.

ಕಾನೂನಿನ ವಿಷಯ ಸಂಕ್ಷೇಪವಾಗಿ: 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯ ಪಟ್ಟಿಯಲ್ಲಿ ಕ್ಯಾನ್ಸರ್ ಹೆಸರು ಸ್ಪಷ್ಟವಾಗಿ ಇದೆ. ಮೊದಲ ತಪ್ಪಿಗೆ ಆರು ತಿಂಗಳವರೆಗೆ ಸಜೆಯಾಗಬಹುದು. 2006ರ ಆಹಾರ ಸುರಕ್ಷತಾ ಕಾಯಿದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ನಮ್ಮ ಸಂಘದ ಆಪದ್ಧನ ಎಷ್ಟಿದೆಯೆಂದು ವಾರ್ಷಿಕ ವರದಿಯಲ್ಲಿ ನೋಡಿಕೊಳ್ಳಬಹುದು.

ಆದರೆ ದಂಡಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಪೊಟ್ಟಣ ಓದುವ ಮನುಷ್ಯ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಗುಣಪಡಿಸಬಹುದಾದ ಹಂತದಲ್ಲಿದ್ದರೂ ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಪರ್ಯಾಯ ಮದ್ದನ್ನೇ ನೆಚ್ಚಿದ 281 ರೋಗಿಗಳಲ್ಲಿ ಸಾವಿನ ಸಂಭವ ಉಳಿದವರಿಗಿಂತ ಎರಡೂವರೆ ಪಟ್ಟು ಇತ್ತು. ಸ್ತನದ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಹೆಚ್ಚು. ನಮ್ಮ ಕಡೆ ಆಸ್ಪತ್ರೆಯೆಂದರೆ ಬೆಂಗಳೂರಿಗೋ ಮಂಗಳೂರಿಗೋ ಘಟ್ಟ ಹತ್ತಿಳಿದು ಹೋಗಬೇಕು. ವಿಕಿರಣಕ್ಕೆ ವಾರಗಟ್ಟಲೆ ಅಲ್ಲೇ ಕೋಣೆ ಹಿಡಿದು ಕೂರಬೇಕು. ತೋಟ ನೋಡುವವರಿಲ್ಲ, ದನಕ್ಕೆ ಹುಲ್ಲು ಹಾಕುವವರಿಲ್ಲ. ಅಂಥ ಮನೆಯಲ್ಲಿ, ತಮ್ಮದೇ ಸಂಘದ ಪೊಟ್ಟಣದ ಮೇಲೆ ‘ನಿವಾರಕ’ ಎಂದು ಓದಿದವರು, ಇನ್ನೊಂದು ತಿಂಗಳು ಇದನ್ನೇ ನೋಡೋಣ ಎಂದುಕೊಳ್ಳುವುದು ಎಷ್ಟು ಸುಲಭ! ಆ ಒಂದು ತಿಂಗಳಿನಲ್ಲಿ ಬಾಯಿಯ ಹುಣ್ಣು ಕತ್ತಿನ ಗಂಟಿಗೆ ಇಳಿದಿರುತ್ತದೆ.

ಕಾಯಿಲೆಯವರಿಗೆ ಮಾರುತ್ತೇವೆಂದಾದರೆ ನಾವು ಬೆಳೆಯುವ ರೀತಿಯ ಪ್ರಶ್ನೆಯೂ ಏಳುತ್ತದೆ. ಗೆಡ್ಡೆ ಕೊಳೆಗೆ, ಕಾಂಡ ಕೊರೆಯುವ ಹುಳಕ್ಕೆ ಶುಂಠಿಯ ಏರಿಗೆ ನಾವು ಸುರಿಯುವ ಮದ್ದಿನ ಲೆಕ್ಕ ನಮ್ಮ ಸಂಘದ ಗೋದಾಮಿನ ಪುಸ್ತಕದಲ್ಲೇ ಇದೆ. ಅದರ ಶೇಷ ಗೆಡ್ಡೆಯಲ್ಲಿ ಎಷ್ಟು ಉಳಿಯುತ್ತದೆಂದು ಪರೀಕ್ಷೆ ಮಾಡಿಸದೆ ಆರೋಗ್ಯದ ಮಾತಾಡುವುದು ಸರಿಯಲ್ಲ.

ಆದ್ದರಿಂದ ಮಹಾಸಭೆಯಲ್ಲಿ ಮೂಲ ಸೂಚನೆಗೆ ತಿದ್ದುಪಡಿಯಾಗಿ ನಾನು ಮಂಡಿಸಲಿರುವುದು ಇಷ್ಟು. ಪೊಟ್ಟಣದ ಮೇಲೆ ರೋಗದ ಹೆಸರು ಯಾವುದೂ ಬೇಡ. ತಳಿಯ ಹೆಸರು, ಬೆಳೆದ ತಾಲ್ಲೂಕು, ಒಣಗಿಸಿದ ತಿಂಗಳು, ಸುಣ್ಣ ಹಚ್ಚಿಲ್ಲವೆಂಬ ಮಾತು ಇರಲಿ. ವರ್ಷಕ್ಕೆ ಎರಡು ಬಾರಿ ಮಾದರಿಯನ್ನು ಮದ್ದಿನ ಶೇಷದ ಪರೀಕ್ಷೆಗೆ ಕಳುಹಿಸಿ, ಫಲಿತಾಂಶ ಏನೇ ಬಂದರೂ ಈ ಪತ್ರಿಕೆಯಲ್ಲಿ ಹಾಕೋಣ. ಚೆನ್ನಾಗಿ ಬಂದರೆ ಪೊಟ್ಟಣದ ಮೇಲೂ ಹಾಕೋಣ. ಅಚ್ಚಿಗೆಂದು ತೆಗೆದಿಟ್ಟ ಹಣದಲ್ಲಿ ಉಳಿದದ್ದನ್ನು ಸದಸ್ಯರಿಗೂ ತೋಟದ ಕಾರ್ಮಿಕರಿಗೂ ಬಾಯಿ ತಪಾಸಣೆಯ ಒಂದು ದಿನದ ಶಿಬಿರಕ್ಕೆ ಬಳಸೋಣ. ದಂತವೈದ್ಯರು ಬಂದರೆ ಸಾಕು; ಮೂರು ವಾರಕ್ಕೂ ವಾಸಿಯಾಗದ ಹುಣ್ಣು, ಬಿಳಿ ಮಚ್ಚೆ, ಬಾಯಿ ಬಿಗಿತ ಇವನ್ನು ಅವರು ನೋಡಿ ಹೇಳುತ್ತಾರೆ. ಅಡಿಕೆ ಸುಲಿಯುವ ಕಾಲದಲ್ಲಿ ಇಟ್ಟುಕೊಂಡರೆ ಎಲ್ಲರೂ ಒಂದೇ ಚಪ್ಪರದಲ್ಲಿ ಸಿಗುತ್ತಾರೆ.

ಸೂಚನೆ ಕೊಟ್ಟ ಸದಸ್ಯರಿಗೆ ಉತ್ತರ ಬರೆಯುವ ಅವಕಾಶವಿದೆ. ಮುಂದಿನ ಸಂಚಿಕೆಗೆ ಸೇರಬೇಕಾದರೆ ಬರಹ ಈ ತಿಂಗಳ 20ರ ಒಳಗೆ ಕಚೇರಿಗೆ ತಲುಪಬೇಕು.

— ಕಾರ್ಯದರ್ಶಿ